ತಾಮ್ರ ಹಾಕದ ಫ್ಲಾಸ್ಕು

ಈ ವರ್ಷ ಸಂಕ್ರಾಂತಿಯ ಹಿಂದಿನ ಶನಿವಾರ, ತುಮಕೂರಿನ ಒಂದು ಪ್ರಯೋಗಾಲಯದಲ್ಲಿ, ತಾಮ್ರ ಹಾಕದ ಫ್ಲಾಸ್ಕಿನಿಂದ ಬಾದಾಮಿ ವಾಸನೆ ಬಂತು. ಬರಬಾರದಿತ್ತು.

ಫ್ಲಾಸ್ಕು ನನ್ನ ಹೆಂಡತಿಯದು. ವಾರವೆಲ್ಲ ಗುಬ್ಬಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ, ಶನಿವಾರ ಭಾನುವಾರ ಇಲ್ಲಿ ಪಿಎಚ್‌ಡಿ ಕೆಲಸ ಮಾಡುತ್ತಾಳೆ. ಒಂದು ಬಗೆಯ ಬೂಷ್ಟಿನಲ್ಲಿರುವ ಕಿಣ್ವ, ತನ್ನೊಳಗಿನ ತಾಮ್ರ ಮತ್ತು ಗಾಳಿಯ ಆಮ್ಲಜನಕದ ಬಲದಿಂದ ಆಲ್ಕೋಹಾಲನ್ನು ಆಲ್ಡಿಹೈಡ್ ಮಾಡುತ್ತದೆ. ಅದರ ಮಾದರಿಯಲ್ಲಿ ಅವಳು ಒಂದು ಪುಡಿ ತಯಾರಿಸಿದ್ದಾಳೆ. ಆ ಪುಡಿಗೆ ಚೂರು ತಾಮ್ರದ ಲವಣ ಸೇರಿಸಿ ಗಾಳಿ ಹಾಯಿಸಿದರೆ ಬೆಂಜೈಲ್ ಆಲ್ಕೋಹಾಲು ಬಾದಾಮಿ ವಾಸನೆಯ ದ್ರವವಾಗುತ್ತದೆ. ಪ್ರಬಂಧ ಬೈಂಡಿಂಗಿಗೆ ಹೋಗುವುದಷ್ಟೇ ಬಾಕಿ ಇತ್ತು. ಕೊನೆಯ ಪರೀಕ್ಷೆಗೆಂದು ಒಂದು ಫ್ಲಾಸ್ಕಿಗೆ ತಾಮ್ರ ಬಿಟ್ಟು ಉಳಿದೆಲ್ಲ ಹಾಕಿದ್ದಳು; ಅಲ್ಲೂ ಅದೇ ಆಗುವುದಾದರೆ ಪ್ರಬಂಧವೇ ಬಿದ್ದುಹೋಗುತ್ತದೆ.

ಅವಳನ್ನು ಮನೆಗೆ ಕರೆತರಲು ಹೋದ ನನ್ನ ಮೂಗಿಗೆ ಅವಳು ಫ್ಲಾಸ್ಕು ಹಿಡಿದಳು.

"ಬಾದಾಮಿ ಹಾಲಿನ ಥರ ಐತೆ," ಎಂದೆ.

"ಇದಕ್ಕೆ ತಾಮ್ರನೇ ಹಾಕಿಲ್ಲ ಕಣ್ರೀ."

"ಹಂಗಾದ್ರೆ ಇನ್ಯಾರೋ ಹಾಕವ್ರೆ."

ಅವಳು ತನ್ನ ಗೈಡ್‌ಗೆ ಫೋನ್ ಮಾಡಿದಳು. "ಹಳೇ ಬಾಟ್ಲಿ ಇರ್ಬೇಕು ಬಿಡಮ್ಮ, ಗಾಳಿಗೆ ತಾನೇ ಕೆಟ್ಟಿರುತ್ತೆ," ಎಂದರು. ಆಲ್ಕೋಹಾಲಿನ ಬಾಟಲಿ ಆ ಬೆಳಿಗ್ಗೆಯಷ್ಟೇ ಸೀಲು ತೆಗೆದದ್ದು. ಅದಕ್ಕೆ ಬಾದಾಮಿ ವಾಸನೆ ಇಲ್ಲವೆಂದಳು. ಅತ್ತಲಿಂದ ಗೈಡ್ ಸಿಡುಕಿದರು: "ತಾಮ್ರ ಇಲ್ದೆ ಮಾಡಿ ನೋಡು ಅಂತ ನಿಂಗ್ಯಾರು ಹೇಳಿದ್ದು? ಮೊದ್ಲು ಸಬ್‌ಮಿಟ್ ಮಾಡು."

ಆ ಕೋಣೆಯ ಇನ್ನೊಂದು ಕೀಲಿ ಇದ್ದದ್ದು ಗೈಡ್ ಬಳಿ. ಪತ್ರಿಕೆಯ ವರದಿಗಾರನಾದ ನನ್ನ ಲೆಕ್ಕಕ್ಕೆ ಇದು ಸಂಗತಿ. ಅದರಾಚೆ ನಾನು ಯೋಚಿಸಿದ್ದೆಲ್ಲ ಊಹೆ, ಆದರೆ ಮರಳೂರಿನ ನಮ್ಮ ಮನೆ ಮುಟ್ಟುವವರೆಗೂ ಅದನ್ನೇ ಯೋಚಿಸಿದೆ.

ಭಾನುವಾರ ಅವಳು ಹೊಸ ಫ್ಲಾಸ್ಕು, ಹೊಸ ಕೊಳವೆ ಜೋಡಿಸಿದಳು. ನಾನು ಬಾಗಿಲ ಬಳಿ ಕೂತೆ. ಯಾರೂ ಒಳಗೆ ಬರಲಿಲ್ಲ. ಮತ್ತೆ ಅದೇ ವಾಸನೆ. ಸಾಮಾನುಗಳಲ್ಲಿ ಬದಲಾಗದೆ ಉಳಿದದ್ದು ತಳದಲ್ಲಿ ಗಿರಗಿರ ತಿರುಗಿ ದ್ರವ ಕದಡುವ ಆಯಸ್ಕಾಂತದ ಬೀಡ್ ಒಂದೇ. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ತುಂಬ ಗೀರುಗಳಿದ್ದವು.

"ಇದನ್ನ ತೊಳೆಯೋರು ಯಾರು?" ಎಂದು ಕೇಳಿದೆ.

ಅವಳು ಬೀಡನ್ನು ಇಕ್ಕಳದಿಂದ ಎತ್ತಿ ಬೆಳಕಿಗೆ ಹಿಡಿದಳು. "ಆಯುಧಪೂಜೆ ದಿನ ಲ್ಯಾಬ್ ಸಾಮಾನೆಲ್ಲ ಒಟ್ಟಿಗೆ ತೊಳೆದ್ವಿ. ಪೂಜೆಯ ತಾಮ್ರದ ಚೊಂಬು, ತಟ್ಟೆನೂ ಅದೇ ಬೇಸಿನ್ನಲ್ಲಿತ್ತು. ಹುಣಸೆಹಣ್ಣು ಹಾಕಿ."

"ಚೊಂಬು ತಂದಿದ್ದು?"

"ಸರ್. ತೊಳೆದಿದ್ದು ನಾನೇ. ನಿಮ್ಮ ಪೇಪರ್ ಕಣ್ಣಿಗೆ ಎಲ್ಲಾರೂ ಕಳ್ಳರೇ, ಅಲ್ವಾ?"

ಹುಣಸೆಯ ಹುಳಿಗೆ ಕರಗಿದ ತಾಮ್ರ ಬೀಡಿನ ಗೀರುಗಳಲ್ಲಿ ಕೂತಿರಬಹುದು ಎಂದಳು. ಬಹುದು ಎಂಬುದು ಸಾಕ್ಷ್ಯವಲ್ಲ. ತಾಮ್ರದ ಕೆಲಸವೇ ನಡೆಯದ ಕುಣಿಗಲ್‌ನ ಒಂದು ಕಾಲೇಜಿನಿಂದ, ಪೊಟ್ಟಣ ಒಡೆಯದ ಬೀಡ್ ಒಂದನ್ನು ಕೇಳಿ ತಂದೆ.

ಮುಂದಿನ ಶನಿವಾರ ಅದನ್ನು ಹಾಕಿ, ತಾಮ್ರ ಬಿಟ್ಟು ಮಾಡಿದಾಗ ವಾಸನೆ ಬರಲಿಲ್ಲ. ಆಲ್ಡಿಹೈಡ್ ಅಳೆಯುವ ಯಂತ್ರಕ್ಕೂ ಏನೂ ಸಿಗಲಿಲ್ಲ. ತಾಮ್ರ ಹಾಕಿದಾಗ ಬಂತು. ಆದರೆ ಪ್ರಬಂಧದಲ್ಲಿ ಬರೆದಷ್ಟು ಇಳುವರಿ ಬರಲಿಲ್ಲ. ಅಲ್ಲಿನ ಮುಖ್ಯ ಕೋಷ್ಟಕದ ಅಂಕಿಗಳೆಲ್ಲ ಆಯುಧಪೂಜೆಯ ನಂತರ, ಹಳೆಯ ಬೀಡಿನಲ್ಲಿ ತೆಗೆದವು; ಅದರಲ್ಲಿ ಕೂತ ತಾಮ್ರವೂ ಅವುಗಳನ್ನು ಏರಿಸಿತ್ತು.

"ಕಮ್ಮಿಯಾದ್ರೇನು, ಆಗುತ್ತಲ್ಲ," ಎಂದರು ಗೈಡ್. "ಹಳೇ ಟೇಬಲ್ಲೇ ಇರ್ಲಿ ಬಿಡಮ್ಮ."

"ಇಲ್ಲ ಸರ್, ಮತ್ತೆ ಮಾಡ್ತೀನಿ."

"ನಿನ್ನಿಷ್ಟ. ಇನ್ನೊಂದ್ ವರ್ಷ ಗುಬ್ಬಿ ಬಸ್ಸಲ್ಲಿ ಓಡಾಡು."

ಹಳೆಯ ಕೋಷ್ಟಕವಿರುವ ಪ್ರಬಂಧದ ಮೇಲೆ ಗೈಡ್ ಸಹಿ ಬಿದ್ದಿದೆ. ಅವಳ ಸಹಿ ಬಿದ್ದಿಲ್ಲ. ಕೋಷ್ಟಕದ ಮೊದಲ ಸಾಲಿನ ಪ್ರಯೋಗ ಹೊಸ ಬೀಡಿನಲ್ಲಿ ಕಳೆದ ಭಾನುವಾರ ಮುಗಿದಿದೆ.