ಕಂಪನಿಯ ಕಣ್ಣಿನ ಶಿಬಿರ

ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನ ತಗಡಿನ ಶೆಡ್ಡೊಂದರಲ್ಲಿ ನಾವು ಆರು ಜನ ಹೆಂಗಸರು ಕೆಲಸಕ್ಕೆ ಕುಳಿತಾಗ ಕಂಪನಿಗೆ ಬಾಗಿಲು ಕೂಡ ಇರಲಿಲ್ಲ. ಗೋಣಿಚೀಲದ ಪರದೆ ಇತ್ತು. ಅದು ಎಂಬತ್ತರ ದಶಕದ ನಡುಗಾಲ. ಉಳ್ಳವರ ಮನೆಗೆ ಟೀವಿ ಬರತೊಡಗಿದ್ದವು. ಕರೆಂಟು ಏರಿಳಿದರೆ ಟೀವಿ ಸುಡಬಾರದೆಂದು ಅದರ ಬಾಜು ಇಡುವ ಸ್ಟೆಬಿಲೈಜರನ್ನು ನಾವು ತಯಾರಿಸುತ್ತಿದ್ದೆವು. ಪುಣೆಯ ನೌಕರಿ ಬಿಟ್ಟು ಬಂದ ಇಂಜಿನಿಯರೊಬ್ಬರು ಅದರ ಮಾಲೀಕರು. ನಮಗೆ ಅವರು ಸಾಹೇಬರು. ಮಧ್ಯಾಹ್ನ ನಮ್ಮ ಜೊತೆ ನೆಲದ ಮೇಲೆ ಕುಳಿತು, ನಮ್ಮ ಬುತ್ತಿಯ ರೊಟ್ಟಿಯನ್ನೇ ಮುರಿದು ತಿನ್ನುತ್ತಿದ್ದರು.

ನನ್ನನ್ನು ಅಲ್ಲಿಗೆ ಕರೆದೊಯ್ದವಳು ಕುಂದಗೋಳದಲ್ಲಿ ನಮ್ಮ ಎದುರು ಮನೆಯ ಅಕ್ಕ. ಆಕೆಯ ಗಂಡ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಊರಾಚೆ ಇರುತ್ತಿದ್ದ. ಮಕ್ಕಳಿರಲಿಲ್ಲ. ಕೌದಿ ಹೊಲೆಯುವುದರಲ್ಲಿ ಓಣಿಯಲ್ಲೆಲ್ಲ ಆಕೆಯದೇ ಕೈ. ನಾನು ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದೆ. "ಮನ್ಯಾಗ ಕುಂತು ಏನ್ ಮಾಡ್ತಿ, ನಡಿ ನನ್ ಜೋಡಿ" ಎಂದು ಒಂದು ಮುಂಜಾನೆ ಪ್ಯಾಸೆಂಜರ್ ಗಾಡಿ ಹತ್ತಿಸಿದಳು. ಅಂದಿನಿಂದ ಐದಾರು ವರ್ಷ ನಾವು ಒಂದೇ ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕೆಲಸ ಮಾಡಿದೆವು.

ಕೆಲಸ ಸಣ್ಣದು, ಕಣ್ಣಿನದು. ಅಂಗೈಯಗಲದ ಹಲಗೆಯ ತೂತುಗಳಲ್ಲಿ ಅಕ್ಕಿಕಾಳಿನಂಥ ಬಿಡಿಭಾಗಗಳನ್ನು ಕೂರಿಸಿ ಬೆಸುಗೆ ಹಾಕಬೇಕು. ಒಂದೊಂದರ ಮೈಮೇಲೂ ಕೂದಲೆಳೆಯಷ್ಟು ತೆಳುವಾದ ಬಣ್ಣದ ಪಟ್ಟಿಗಳು. ಆ ಬಣ್ಣ ನೋಡಿಯೇ ಯಾವುದು ಎಲ್ಲಿಗೆ ಎಂದು ತಿಳಿಯಬೇಕು. ಕೆಂಪು ಇರುವಲ್ಲಿ ಕಂದು ಕೂತರೆ ಇಡೀ ಯಂತ್ರ ಕೆಟ್ಟಂತೆ. ಅಕ್ಕನ ಹಲಗೆ ಒಂದೂ ವಾಪಸು ಬಂದದ್ದಿಲ್ಲ.

ನೋಡನೋಡುತ್ತ ಶೆಡ್ಡು ಎರಡಾಯಿತು, ನಾಲ್ಕಾಯಿತು. ಕಬ್ಬಿಣದ ಗೇಟು ಬಂತು, ಗೇಟಿಗೆ ಕಾವಲುಗಾರ ಬಂದ, ನಮ್ಮ ಮೇಲೆ ಒಬ್ಬ ಸೂಪರ್‌ವೈಸರ್ ಬಂದ. ನಮ್ಮ ಸ್ಟೆಬಿಲೈಜರ್ ಸೊಲ್ಲಾಪುರ, ಕೊಲ್ಲಾಪುರಕ್ಕೆಲ್ಲ ಹೋಗತೊಡಗಿತು. ಸಾಹೇಬರು ಊಟಕ್ಕೆ ನಮ್ಮ ಕಡೆ ಬರುವುದು ನಿಂತಿತು. ಅದರಲ್ಲಿ ಅವರ ತಪ್ಪೇನೂ ಕಾಣಲಿಲ್ಲ. ಅವರಿಗೆ ಊಟಕ್ಕೇ ಪುರಸೊತ್ತು ಇರಲಿಲ್ಲ.

ಐದನೆಯ ವರ್ಷ ಅಕ್ಕ ಒಂದು ದಿನ ನನ್ನ ಕಡೆ ಬಗ್ಗಿ ಸಣ್ಣ ದನಿಯಲ್ಲಿ, "ಇದು ಕೆಂಪೋ ಕಂದೋ, ನೋಡ್ ಬೇ" ಎಂದಳು. ಬೆಳಕು ಕಡಿಮೆ ಎಂದುಕೊಂಡೆ. ಮರುದಿನವೂ ಕೇಳಿದಳು. ತಿಂಗಳು ಕಳೆಯುವಷ್ಟರಲ್ಲಿ ಆಕೆಯ ಬಿಡಿಭಾಗಗಳನ್ನೆಲ್ಲ ನಾನೇ ಆರಿಸಿ, ಸಾಲಾಗಿ ಇಟ್ಟುಕೊಡಬೇಕಾಯಿತು. ಬೆಸುಗೆ ಮಾತ್ರ ಬೆರಳ ಅಂದಾಜಿನ ಮೇಲೆ ಆಕೆಯೇ ಹಾಕುತ್ತಿದ್ದಳು. "ಯಾರ ಮುಂದನೂ ಬಾಯಿ ಬಿಡಬ್ಯಾಡ" ಎಂದಿದ್ದಳು. ಹೀಗೆ ವರ್ಷವೇ ನಡೆಯಿತು. ನನ್ನ ಕೆಲಸ ಹಿಂದೆ ಬೀಳುತ್ತಿತ್ತು. ಸೂಪರ್‌ವೈಸರ್ ಎಲ್ಲರೆದುರು ನನ್ನನ್ನು ಬೈಯುತ್ತಿದ್ದ. ಅಕ್ಕ ತಲೆ ಎತ್ತದೆ ಕುಳಿತಿರುತ್ತಿದ್ದಳು. ಆಗ ಆಕೆಯ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಆ ವರ್ಷವೇ ಸಾಹೇಬರು, ಕಂಪನಿ ಬೆಳೆದಿದೆ, ಜನರಿಗೂ ಏನಾದರೂ ಮಾಡಬೇಕು ಎಂದರು. ಹಳ್ಳಿಗಳಲ್ಲಿ ಕಣ್ಣಿನ ಶಿಬಿರ ಮಾಡುವುದೆಂದು ತೀರ್ಮಾನವಾಯಿತು. ಮೊದಲ ಆರು ಜನರಲ್ಲಿ ಹೆಚ್ಚಿನವರು ಕುಂದಗೋಳದವರಾದ್ದರಿಂದ ಮೊದಲ ಶಿಬಿರವೂ ಅಲ್ಲೇ ಆಗಲಿ ಎಂದು ಅವರೇ ಹೇಳಿದ್ದರು. ಅದರಲ್ಲಿ ಕಪಟವಿರಲಿಲ್ಲ. ನಾನು ಇವತ್ತಿಗೂ ಹಾಗೇ ನಂಬಿದ್ದೇನೆ.

ಒಂದು ಭಾನುವಾರ ಶಾಲೆಯ ಮುಂದೆ ಕಂಪನಿಯ ಹೆಸರಿನ ಬಟ್ಟೆ ಕಟ್ಟಿದರು. ಬಮ್ಮಿಗಟ್ಟಿಯಷ್ಟು ದೂರದಿಂದಲೂ ಮುದುಕರು ಬಂದು ಸಾಲಿನಲ್ಲಿ ಕುಳಿತಿದ್ದರು. ಅಕ್ಷರ ದುಂಡಗಿವೆ ಎಂದು ರಿಜಿಸ್ಟರು ಬರೆಯುವ ಕೆಲಸ ನನಗೆ ಬಿತ್ತು. ಹೆಸರು, ವಯಸ್ಸು, ಕೆಲಸ, ಡಾಕ್ಟರು ಹೇಳಿದ್ದು. ಕೆಲಸಗಾರರೂ ತೋರಿಸಿಕೊಳ್ಳಬೇಕೆಂದು ಸಾಹೇಬರು ಹೇಳಿಕಳಿಸಿದ್ದರಿಂದ ಅಕ್ಕನೂ ಬರಬೇಕಾಯಿತು.

ಡಾಕ್ಟರು ಆಕೆಯ ಕಣ್ಣಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. "ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದರು.

"ಮನಿಗೆಲಸರಿ" ಎಂದಳು ಅಕ್ಕ.

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. "ಇಲ್ರಿ ಡಾಕ್ಟರ, ನಮ್ಮ ಕಂಪನ್ಯಾಗ ಬೆಸುಗಿ ಕೆಲಸ ಮಾಡ್ತಾರ" ಎಂದೆ.

ಸರಿಯಾಗಿ ತಿಳಿದರೆ ಸರಿಯಾದ ಔಷಧ ಕೊಟ್ಟಾರು ಎಂದು ಹಾಗೆ ಹೇಳಿದೆ. ಅದೊಂದೇ ಕಾರಣವಾಗಿರಲಿಲ್ಲ. ನನಗೆ ಸಾಕಾಗಿತ್ತು.

"ಈ ಕಣ್ಣಿನ್ಯಾಗ ಆ ಕೆಲಸಾ?" ಎಂದು ಡಾಕ್ಟರು ನನ್ನತ್ತ ತಿರುಗಿದರು. "ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ನರ ಸಾಯ್ಲಿಕತ್ತದ. ಕೆಲಸದಿಂದ ಬಂದದ್ದಲ್ಲ ಇದು. ಹೋದ ದೃಷ್ಟಿ ಹೋತು. ಇದ್ದದ್ದು ಉಳೀಬೇಕಂದ್ರ ದಿನಾ ಹನಿ ಔಷಧ ಬಿಡಬೇಕು, ಜೀವ ಇರೂತನಕಾ."

ಅಷ್ಟನ್ನೂ ನಾನೇ ರಿಜಿಸ್ಟರಿನಲ್ಲಿ ಬರೆದೆ. ಅಕ್ಕ ನನ್ನ ಕಡೆ ನೋಡದೆ ಎದ್ದು ಹೋದಳು.

ರಿಜಿಸ್ಟರು ಕಂಪನಿಯ ಆಫೀಸಿಗೆ ಹೋಯಿತು. ಎರಡು ವಾರದೊಳಗೆ ಆಕೆಯನ್ನು ಬೆಂಚಿನಿಂದ ಎಬ್ಬಿಸಿ ಡಬ್ಬಿ ಕಟ್ಟುವ ಕಡೆಗೆ ಹಾಕಿದರು. ಅಲ್ಲಿ ಚೀಟಿ ಓದಬೇಕಿತ್ತು. ಒಂದು ಲಾರಿಯ ಮಾಲು ಊರು ತಪ್ಪಿ ಹೋಯಿತು. ಸೂಪರ್‌ವೈಸರ್, "ಆರಾಮ ತಗೋರಿ, ಹೇಳಿ ಕಳಸ್ತೀವಿ" ಎಂದ. ಅಕ್ಕ ನನ್ನ ಕೈಹಿಡಿದುಕೊಂಡು ನೇರ ಸಾಹೇಬರ ಕೋಣೆಗೆ ಹೋದಳು.

"ಆರು ಮಂದಿ ಇದ್ದಾಗಿಂದ ಅದೀನ್ರಿ ಸಾಹೇಬ್ರ. ಕಸಾ ಹೊಡಿ ಅನ್ರಿ, ಹೊಡೀತೀನಿ."

ಸಾಹೇಬರು ಕುರ್ಚಿಯಿಂದ ಎದ್ದು ನಿಂತಿದ್ದರು. "ಅಕ್ಕಾರ, ಇಲ್ಲೆಲ್ಲಾ ಮಷೀನ್ ಅವ, ಕರೆಂಟ್ ಅದ. ನಿಮಗೇನರ ಆದ್ರ ನಾ ಹ್ಯಾಂಗ ಮುಖಾ ತೋರಸ್ಲಿ? ಔಷಧ ಕಂಪನಿ ಕೊಡ್ತದ. ಅದರ ಚಿಂತಿ ಬಿಡ್ರಿ."

ಆಕೆ ಕೈಮುಗಿದು ಹೊರಗೆ ಬಂದಳು. ಅಂದು ಸಂಜೆ ಗಾಡಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು.

ಔಷಧ ಬಂತು. ತಿಂಗಳಿಗೊಮ್ಮೆ ಆಫೀಸಿನಿಂದ ಸೀಸೆ ಇಸಿದುಕೊಂಡು ನಾನೇ ಒಯ್ದು ಕೊಡುತ್ತಿದ್ದೆ. ಅಕ್ಕ ಬಾಗಿಲಲ್ಲೇ ತೆಗೆದುಕೊಳ್ಳುತ್ತಿದ್ದಳು. ಒಂದು ವರ್ಷ ಹೀಗೆ ಸಾಗಿತು. ಮರುವರ್ಷ ಕೇಳಲು ಹೋದಾಗ ಆಫೀಸಿನ ಗುಮಾಸ್ತ, "ಕಣ್ಣಿಂದು ಹ್ವಾದ ವರ್ಷದ್ದರಿ. ಈ ವರ್ಷ ಸಾಲಿ ಮಕ್ಕಳಿಗೆ ಬೆಂಚ್ ಕೊಡಾಕತ್ತಾರ" ಎಂದ. ಸಾಹೇಬರು ಹೊಸ ಕಾರ್ಖಾನೆಯ ಕೆಲಸಕ್ಕೆ ಮುಂಬಯಿಗೆ ಹೋಗಿದ್ದರು. ಅವರು ಬಂದ ಮೇಲೆ ಹೇಳೋಣವೆಂದುಕೊಂಡೆ. ಬಂದರು, ಆದರೆ ಈಗ ಅವರ ಕೋಣೆಗೆ ಗಾಜಿನ ಬಾಗಿಲಿತ್ತು, ಹೊರಗೆ ಒಬ್ಬ ಜವಾನನಿದ್ದ. ಎರಡು ಸಲ ಹೋಗಿ ಕುಳಿತು ಬಂದೆ. ಮೂರನೆಯ ಸಲ ಹೋಗಲಿಲ್ಲ.

ಆಮೇಲೆ ಸೀಸೆ ನಾನೇ ಕೊಂಡು ಕೊಡತೊಡಗಿದೆ. ಕಂಪನಿಯದೇ ಎಂದು ಹೇಳುತ್ತಿದ್ದೆ. ಏಳೆಂಟು ತಿಂಗಳು ಕೊಟ್ಟಿರಬೇಕು. ಅಷ್ಟರಲ್ಲಿ ನನ್ನ ಮದುವೆಯಾಯಿತು. ಕೆಲಸ ಬಿಟ್ಟು ಗಂಡನ ಊರಾದ ದೇವಿಕೊಪ್ಪಕ್ಕೆ ಹೋದೆ. ಮೊದಲೆರಡು ತಿಂಗಳು ತಮ್ಮನ ಕೈಯಲ್ಲಿ ಕಳಿಸಿದೆ. ನಂತರ ಹೊಸ ಮನೆಯ ಗದ್ದಲ, ಬಸುರಿನ ಸಂಕಟ. ಕಳಿಸಬೇಕೆಂಬ ನೆನಪು ಬಂದಾಗಲೆಲ್ಲ ನಾಳೆ ಎನ್ನುತ್ತಿದ್ದೆ. ಕಂಪನಿ ನಿಲ್ಲಿಸಿದ ಹಾಗೆಯೇ ನಾನೂ ನಿಲ್ಲಿಸಿದೆ. ಅವರಿಗೊಂದು ಕಾರಣವಿತ್ತು, ನನಗೊಂದು.

ಹೆರಿಗೆಗೆ ತವರಿಗೆ ಬಂದಾಗ ಎದುರು ಮನೆಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕುಳಿತಿದ್ದಳು. ಎರಡು ಮಾರು ದೂರದಲ್ಲಿ ನಿಂತೆ. "ಯಾರದು?" ಎಂದಳು. ನಾನೆಂದೆ. ಪಕ್ಕದ ಜಾಗವನ್ನು ಕೈಯಿಂದ ಸವರಿ, "ಕುಂದರು" ಎಂದಳು.

ಕುಳಿತು, ಅಂದು ಡಾಕ್ಟರ ಮುಂದೆ ನಾನು ಹೇಳಬಾರದಿತ್ತು ಎಂದೆ.

"ನೀ ಹೇಳದಿದ್ರೂ ಒಂದಿನ ಗೊತ್ತಾಗೂದ ಇತ್ತು" ಎಂದಳು ಅಕ್ಕ. "ಅದರ ಸಿಟ್ಟು ಹ್ವಾತು. ಸೀಸೆ ನಿನ್ನ ರೊಕ್ಕದ್ದು ಅಂತನೂ ಗೊತ್ತಿತ್ತು, ನಿಮ್ಮವ್ವ ಹೇಳಿದ್ಲು. ನಿಂತಾವ ಅಂತ ಒಂದ ಮಾತು ಹೇಳಿ ಕಳಿಸಿದ್ದರ ಕುರಿ ಮಾರಿ ನಾವ ತರ್ತಿದ್ವಿ. ನಾಳಿ ಬರ್ತಾವ, ನಾಡದು ಬರ್ತಾವ ಅಂತ ಕಾದೆ."

ಆಕೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ಎಷ್ಟು ತಿಂಗಳು ಎಂದು ಕೇಳಿದಳು. ಹೇಳಿದೆ. ಕೈ ಹಿಂದೆ ತೆಗೆದುಕೊಂಡಳು.

ಹೊಸ ಕಾರ್ಖಾನೆ ಧಾರವಾಡದ ರಸ್ತೆಯಲ್ಲಿ ಎದ್ದಿತು. ಅದರ ಒಳಗನ್ನು ನಾನು ನೋಡಲಿಲ್ಲ. ಅಕ್ಕ ಮತ್ತೆ ನಾಲ್ಕು ವರ್ಷ ಬದುಕಿದ್ದಳು. ಊರಿಗೆ ಹೋದಾಗಲೆಲ್ಲ ಹೋಗಿ ಕುಳಿತು ಬರುತ್ತಿದ್ದೆ. ಮಳೆ, ಕುರಿ, ನನ್ನ ಮಗಳ ಹಲ್ಲು, ಎಲ್ಲದರ ಮಾತಾಡುತ್ತಿದ್ದೆವು. ಔಷಧದ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ. ಎತ್ತುವ ಧೈರ್ಯ ನನಗೆ ಆಗಲಿಲ್ಲ.