ನಾಯಕನ ಗಂಟಲು

ಕಂಠಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಅವನ ಮುಖ ಯಾವ ತೆರೆಯ ಮೇಲೂ ಬಂದಿಲ್ಲ. ಗಂಟಲು ಮಾತ್ರ ಊರೂರು ತಿರುಗಿದೆ. ಗುಂಗುರು ಕೂದಲಿನ ಆ ದೊಡ್ಡ ನಾಯಕನಟ ಇದ್ದಾನಲ್ಲ, ಅವನ ಸ್ವಂತ ದನಿ ಪೀಪಿ ಊದಿದಂತೆ. ಎಷ್ಟೋ ವರ್ಷ ಅವನು ಬರೀ ಬಾಯಿ ಆಡಿಸಿದ. ಡಬ್ಬಿಂಗ್ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಗುಡುಗಿದವನು ಕಂಠಣ್ಣ. ಜನ ಶಿಳ್ಳೆ ಹೊಡೆದದ್ದು ಯಾರಿಗೆ, ನೀವೇ ಹೇಳಿ!

ನಟ ಚುನಾವಣೆಗೆ ನಿಂತ. ಪರದೆಯ ಮೇಲೆ ಹತ್ತು ಜನರನ್ನು ಹೊಡೆದವನು ಚರಂಡಿಯನ್ನೂ ಕಟ್ಟಿಸುತ್ತಾನೆ ಎಂದು ನಂಬುವ ಜನಕ್ಕೆ ಏನೆನ್ನಬೇಕು! ಆದರೆ ಮೊದಲ ಸಭೆಯಲ್ಲೇ ಪೀಪಿ ಕೇಳಿ ಜನ ಬಿದ್ದು ಬಿದ್ದು ನಕ್ಕರು. ಮರುದಿನ ನಟ ಕಂಠಣ್ಣನ ಬಾಗಿಲಿಗೆ ಓಡಿಬಂದ.

"ಅಣ್ಣಾ, ಭಾಷಣಾನೂ ನೀವೇ ಹೇಳಿಬಿಡಿ. ರೆಕಾರ್ಡ್ ಹಾಕ್ತೀವಿ, ನಾನು ತುಟಿ ಆಡಿಸ್ತೀನಿ."

ಬರೆದುಕೊಟ್ಟದ್ದನ್ನು ಹೇಳುವುದು ಕಂಠಣ್ಣನ ಕಸುಬು. ಅದು ನಿಜವೋ ಸುಳ್ಳೋ ಎಂದು ಕೇಳುವ ಅಭ್ಯಾಸವೇ ಇಲ್ಲ. "ಗೆದ್ದ ತಿಂಗಳಲ್ಲೇ ಪ್ರತಿ ಬೀದಿಗೂ ನೀರು! ಇದು ನನ್ನ ಮಾತು!" ಎಂದು ಗುಡುಗಿ ಬಂದ. ಸಿನಿಮಾದಲ್ಲಿ ಅಂಥ ಆಣೆ ಎಷ್ಟೋ ಇಟ್ಟಿದ್ದ. ಒಂದನ್ನೂ ಯಾರೂ ನಡೆಸಿಕೊಡು ಎಂದಿರಲಿಲ್ಲ.

ನಟ ಗೆದ್ದ. ನೀರು ಬರಲಿಲ್ಲ. ಬೇರೆ ಬೀದಿಯವರು ನಟನನ್ನು ಬೈದರು. ಕಂಠಣ್ಣನ ಬೀದಿಯವರಿಗೆ ಭಾಷಣದ ದನಿ ಎಂದರೆ ಅವನು ದಿನಾ ತರಕಾರಿಗೆ ಚೌಕಾಸಿ ಮಾಡುವ ದನಿ. ಬಕೆಟ್ ಹಿಡಿದು ಕಂಠಣ್ಣನ ಬಾಗಿಲಿಗೇ ಬಂದರು.

"ಏನಪ್ಪಾ, ನಿನ್ ಮಾತು ನಂಬಿ ವೋಟು ಹಾಕಿದ್ವಿ. ನಲ್ಲೀಲಿ ಬರೀ ಗಾಳಿ ಬರ್ತಿದೆ," ಎಂದಳು ಎದುರುಮನೆಯ ಅಜ್ಜಿ.

"ಮಾತು ನಂದಲ್ಲ ಅಜ್ಜಿ, ಅವನದು!"

"ಗಂಟಲು ಯಾರದೋ?"

ಅಂದಿನಿಂದ ಅವನಿಗೆ ಬೀದಿಯಲ್ಲಿ ತಲೆ ಎತ್ತಲಾಗಲಿಲ್ಲ. ನಟನ ಮನೆಗೆ ಹೋದರೆ ಗೇಟಿನವನು ಒಳಗೇ ಬಿಡಲಿಲ್ಲ. ಹೆಂಡತಿ ಖಾಲಿ ಬಕೆಟ್ ಕುಕ್ಕಿದಳು. "ಕಂಡೋರ ಬಾಯಿಗೆ ದನಿ ಕೊಟ್ಟಿದ್ದು ಸಾಕು. ನಮಗೋಸ್ಕರ ಒಂದ್ಸಲ ಗುಡುಗಿ ನೋಡೋಣ!"

ಕಂಠಣ್ಣ ನೀರಿನ ಕಚೇರಿಗೆ ಫೋನು ಹಚ್ಚಿದ. ತನ್ನ ಹೆಸರು ಹೇಳಲಿಲ್ಲ, ಸುಳ್ಳೂ ಹೇಳಲಿಲ್ಲ. ಬೀದಿಯ ಹೆಸರು ಹೇಳಿ, "ಏನ್ರೀ, ನಮ್ಮ ಬೀದಿಗೆ ಯಾಕ್ರೀ ನೀರಿಲ್ಲ?" ಎಂದು ಹೊಟ್ಟೆಯಾಳದಿಂದ ಗುಡುಗಿದ, ಅಷ್ಟೇ.

ಆ ಕಡೆ ಕುರ್ಚಿ ದಡಕ್ಕನೆ ಸರಿದ ಸದ್ದು. "ಸಾರ್! ಸಾರ್! ತಾವೇ ಫೋನ್ ಮಾಡೋದಾ ಸಾರ್? ಈಗಲೇ ಜನ ಕಳಿಸ್ತೀನಿ ಸಾರ್!"

ಸಂಜೆಯೊಳಗೆ ನಲ್ಲಿ ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ತಿಳಿನೀರು ಬಂತು. ಅಜ್ಜಿ ಮೊದಲ ಲೋಟ ತುಂಬಿಸಿ ಕಂಠಣ್ಣನ ಕೈಗಿಟ್ಟಳು.

"ಕುಡಿಯಪ್ಪಾ. ಗಂಟಲು ಜೋಪಾನ. ಬೀದಿದೀಪಾನೂ ಉರೀತಿಲ್ಲ."