ಭದ್ರಮ್ಮ ಕಾದ ಹನ್ನೊಂದು ದಿನ

ಟಗರು ಗುದ್ದಿದ್ದು ಯುಗಾದಿ ಕಳೆದ ಮರುವಾರ. ಭದ್ರಮ್ಮ ದೊಡ್ಡಿಯ ತಡಿಕೆ ಸರಿಸಿ ಹಿಂಡನ್ನು ಹೊರಗೆ ಬಿಡುತ್ತಿದ್ದಾಗ, ಎರಡು ವರ್ಷದ ಕರಿಮೂತಿಯ ಟಗರು ಯಾರ ಮೇಲಿನ ಸಿಟ್ಟಿಗೋ ತಲೆ ತಗ್ಗಿಸಿ ಓಡಿಬಂದು ಅವಳ ಎಡ ಎದೆಗೆ ಹಾಯ್ದುಬಿಟ್ಟಿತು. ಭದ್ರಮ್ಮ ಕುಕ್ಕರಿಸಿ ಕೂತವಳು, ಉಸಿರು ಬಂದ ಮೇಲೆ ಮೊದಲು ಮಾಡಿದ ಕೆಲಸ ಎದ್ದು ತಡಿಕೆ ಮುಚ್ಚಿದ್ದು. ಅಷ್ಟರಲ್ಲಿ ಏಳೆಂಟು ಕುರಿ ರಸ್ತೆಗಿಳಿದಿದ್ದವು.

ಅವಳು ಹಾಗೆಯೇ. ವಿರೂಪಾಕ್ಷಿಪುರ ಹೋಬಳಿಯ ಆ ಊರಿಗೆ ಕನಕಪುರದ ಕಡೆಯಿಂದ ಹದಿನೆಂಟರ ಹರೆಯದಲ್ಲಿ ಸೊಸೆಯಾಗಿ ಬಂದಾಗ ಮನೆಯಲ್ಲಿದ್ದದ್ದು ಹನ್ನೊಂದು ಕುರಿ, ಮುಕ್ಕಾಲು ಎಕರೆ ರಾಗಿ ಹೊಲ. ಈಗ ಅವಳಿಗೆ ಐವತ್ತೆರಡು, ಹಿಂಡು ಅರವತ್ತೊಂದು. ಗಂಡ ಪುಟ್ಟಲಿಂಗಯ್ಯ ಮೇಯಿಸಲು ಹೋಗುತ್ತಾನೆ. ಆದರೆ ಯಾವ ಕುರಿ ಗಬ್ಬ, ಯಾವುದಕ್ಕೆ ಕಾಲುಬೇನೆ, ಕಾಡಂಚಿಗೆ ಆನೆ ಬಂದಿದೆಯೆಂದು ಸುದ್ದಿಯಾದರೆ ಹಿಂಡನ್ನು ಯಾವ ಕಡೆ ತಿರುಗಿಸಬೇಕು, ಇದೆಲ್ಲ ಭದ್ರಮ್ಮನ ಲೆಕ್ಕ. ಸಂಜೆ ಕುರಿಗಳು ದೊಡ್ಡಿಗೆ ನುಗ್ಗುವಾಗ ಅವಳು ಬಾಗಿಲಲ್ಲಿ ನಿಂತು ಕಣ್ಣಲ್ಲೇ ಎಣಿಸುತ್ತಾಳೆ. ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಎದೆಯ ನೀಲಿ ಹದಿನೈದು ದಿನಕ್ಕೆ ಮಾಯವಾಯಿತು. ಅದರಡಿಯ ಗಂಟು ಮಾತ್ರ ಹೋಗಲಿಲ್ಲ. ಹುಣಸೆಬೀಜದಷ್ಟಿದ್ದದ್ದು ಎರಡು ತಿಂಗಳಾದರೂ ಕರಗದೆ ಗಟ್ಟಿಯಾಗಿ ಕೂತಿತು. ಪೆಟ್ಟಿನ ಗಂಟು, ಹೋಗುತ್ತದೆ ಎಂದುಕೊಂಡು ಭದ್ರಮ್ಮ ಸುಮ್ಮನಿದ್ದಳು. ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗಳು ರಮ್ಯಾ, ಒಂದು ಭಾನುವಾರ ಅಮ್ಮನ ಬೆನ್ನುಜ್ಜಲು ಬಚ್ಚಲಿಗೆ ಹೋದವಳು ಅದನ್ನು ನೋಡಿದಳು.

"ಇದ್ಯಾವಾಗ್ನಿಂದ ಐತೆ?"

"ಆ ಟಗರು ಗುದ್ತಲ್ಲ, ಅವತ್ತಿಂದ."

"ಎರಡು ತಿಂಗ್ಳಾಯ್ತಲ್ಲವ್ವ! ನಾಳೆ ರಜ ಹಾಕ್ತೀನಿ, ನಡಿ."

ಊರಿನ ಆರೋಗ್ಯ ಕೇಂದ್ರದ ಡಾಕ್ಟರು ಮುಟ್ಟಿ ನೋಡಿ, ಚೀಟಿ ಬರೆದು ರಾಮನಗರದ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಎದೆಯನ್ನು ಎರಡು ಹಲಗೆಗಳ ನಡುವೆ ಒತ್ತಿ ಫೋಟೋ ತೆಗೆಯುವ ಯಂತ್ರ. ನೋಯುತ್ತಿದ್ದ ಎಡ ಎದೆ ಸಿಕ್ಕಿಕೊಂಡಾಗ ಭದ್ರಮ್ಮ ಹಲ್ಲು ಕಚ್ಚಿದಳು. ಬಲದ್ದನ್ನೂ ಇಡಿ ಎಂದಾಗ ಅವಳಿಗೆ ಆಶ್ಚರ್ಯ.

"ಅದ್ಕೇನೂ ಆಗಿಲ್ವಲ್ಲಮ್ಮಿ."

"ಎರಡೂ ನೋಡ್ತೀವಮ್ಮ, ಯಾರು ಬಂದರೂ," ಎಂದಳು ಯಂತ್ರದ ಹುಡುಗಿ.

ಆಮೇಲೆ ತಣ್ಣನೆಯ ಲೋಳೆ ಹಚ್ಚಿ ಸ್ಕ್ಯಾನಿಂಗ್. ಡಾಕ್ಟರಮ್ಮ ಎಡದಲ್ಲಿ ಸ್ವಲ್ಪ ಹೊತ್ತು ನೋಡಿದರು, ಬಲದಲ್ಲಿ ಬಹಳ ಹೊತ್ತು. ಕೊನೆಗೆ ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು: ಎಡದ ಗಂಟಿನ ಜೊತೆಗೆ ಬಲಗಡೆಯೂ ಒಂದು ಚಿಕ್ಕ ನೆರಳು ಕಾಣಿಸುತ್ತಿದೆ, ಕೈಗೆ ಸಿಗದಷ್ಟು ಚಿಕ್ಕದು. ಎರಡರಿಂದಲೂ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಅದಕ್ಕೆ ಬಯಾಪ್ಸಿ ಎನ್ನುತ್ತಾರೆ. ಫಲಿತಾಂಶಕ್ಕೆ ಹತ್ತು ದಿನ ಬೇಕು.

ಆ ಸೂಜಿಗಾಗಿ ಬೆಂಚಿನ ಮೇಲೆ ಕಾಯುವಾಗ ಪಕ್ಕದಲ್ಲಿ ಕೂತಿದ್ದವಳು ಜಹೀದಾ. ಚನ್ನಪಟ್ಟಣದವಳು, ಮರದ ಗೊಂಬೆಗಳಿಗೆ ಅರಗಿನ ಬಣ್ಣ ಹಿಡಿಸುವ ಕೆಲಸ. ಬೆರಳ ಸಂದಿಯಲ್ಲಿ ಇನ್ನೂ ಹಳದಿ ಉಳಿದಿತ್ತು. ಎರಡು ವರ್ಷದ ಹಿಂದೆ ಅವಳಿಗೂ ಇದೇ ಸೂಜಿ ಹಾಕಿದ್ದರು. ಅದು ಬರೀ ನೀರಗಂಟು ಎಂದು ಗೊತ್ತಾಗಿತ್ತು. ಈಗ ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡು ಹೋಗುತ್ತಾಳೆ.

"ಸೂಜಿ ನೋಯ್ತದಾ?" ಭದ್ರಮ್ಮ ಕೇಳಿದಳು.

"ಸೂಜಿ ಏನಿಲ್ಲ ಅಕ್ಕಾ. ಮರಗಟ್ಟಿಸ್ತಾರೆ, ಟಕ್ ಅಂತದೆ, ಮುಗೀತು. ಆಮೇಲೆ ಕಾಯೋದೈತಲ್ಲ, ಅದು ಜಾಸ್ತಿ. ನಾನು ಯಾರಿಗೂ ಹೇಳ್ದೆ ಒಂಬತ್ತು ದಿನ ಕಾದೆ. ಹುಚ್ಚು ಹಿಡಿಯೋದೊಂದು ಬಾಕಿ. ನನ್ನ ನಂಬರ್ ಬರ್ಕೊಳ್ಳಿ. ಯಾವಾಗ ಬೇಕಾದ್ರೂ ಮಾಡಿ."

ಸೂಜಿ ಅವಳು ಹೇಳಿದಂತೆಯೇ ಇತ್ತು. ಕಾಯುವುದೂ ಅವಳು ಹೇಳಿದಂತೆಯೇ ಇತ್ತು.

ಮೊದಲ ದಿನ ಭದ್ರಮ್ಮ ಎರಡು ಸಲ ಸಾರಿಗೆ ಉಪ್ಪು ಹಾಕಿದಳು. ಎರಡನೆಯ ದಿನ, ತಾನು ಸತ್ತರೆ ರಮ್ಯಾಳ ಮದುವೆಯಲ್ಲಿ ಧಾರೆಗೆ ಯಾರು ನಿಲ್ಲುತ್ತಾರೆಂದು ಯೋಚಿಸುತ್ತ ಒಲೆಯ ಮುಂದೆ ಕೂತವಳಿಗೆ ಮುದ್ದೆಯ ಎಸರು ಬತ್ತಿ ತಳ ಹತ್ತಿದ ವಾಸನೆಯೂ ಬರಲಿಲ್ಲ. ಮೂರನೆಯ ಸಂಜೆ ದೊಡ್ಡಿ ಬಾಗಿಲಲ್ಲಿ ನಿಂತು ಎಣಿಸಿದಳು. ಐವತ್ತೆಂಟು. ಮತ್ತೆ ಒಳಗೆ ಹೋಗಿ ಎಣಿಸಿದಳು. ಅರವತ್ತು. ಪುಟ್ಟಲಿಂಗಯ್ಯನನ್ನು ಕರೆದು ಇಬ್ಬರೂ ಸೇರಿ ಎಣಿಸಿದರು. ಅರವತ್ತೊಂದೂ ಇದ್ದವು.

ಕಾಯಿಲೆ ಇದೆಯೋ ಇಲ್ಲವೋ ಎಂಬುದಕ್ಕಿಂತ, ಆ ತಪ್ಪಿದ ಲೆಕ್ಕ ಭದ್ರಮ್ಮನನ್ನು ಅಲ್ಲಾಡಿಸಿತು. ರಿಪೋರ್ಟು ಇನ್ನೂ ಬಂದಿಲ್ಲ. ಅಷ್ಟರೊಳಗೇ ಇದು ನನ್ನ ಕಣ್ಣು ಕಿತ್ತುಕೊಂಡಿತಲ್ಲ ಎನಿಸಿತು. ಅವಳಿಗೆ ಹೆದರಿಕೆಗಿಂತ ಜಾಸ್ತಿ ಬಂದದ್ದು ಸಿಟ್ಟು.

ಮರುದಿನ ಬೆಳಿಗ್ಗೆ ಅವಳೊಂದು ಕಟ್ಟುಪಾಡು ಮಾಡಿಕೊಂಡಳು. ಗಂಡನ ಬುತ್ತಿ ಕೊಡಲು ದಿನಾ ಕೆರೆಯ ಕಡೆ ನಡೆಯುತ್ತಾಳಲ್ಲ, ಮನೆಯಿಂದ ಪಂಪ್‌ಹೌಸಿನವರೆಗೆ ಹತ್ತು ನಿಮಿಷದ ದಾರಿ. ಆ ದಾರಿಯಲ್ಲಿ ಮಾತ್ರ ಗಂಟಿನ ಬಗ್ಗೆ ಯೋಚಿಸಬೇಕು. ಎಷ್ಟು ಬೇಕೋ ಅಷ್ಟು ಹೆದರಬೇಕು, ಅಳು ಬಂದರೆ ಅಳಬೇಕು. ಪಂಪ್‌ಹೌಸು ಬಂತೆಂದರೆ ಮುಗಿಯಿತು. ಬೇರೆ ಹೊತ್ತಿನಲ್ಲಿ ಅದು ತಲೆಗೆ ಬಂದರೆ, "ನಾಳೆ ದಾರೀಲಿ ಬಾ," ಎಂದು ಬಾಯಿಬಿಟ್ಟೇ ಹೇಳಿ ಕೈಗೆ ಸಿಕ್ಕ ಕೆಲಸ ಹಿಡಿಯಬೇಕು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಮೊದಲ ದಿನ ಹತ್ತು ಸಲ ಸೋತಳು. ಎರಡನೆಯ ದಿನ ನಾಲ್ಕೈದು ಸಲ. ಆದರೂ ಆ ಸಂಜೆ ದೊಡ್ಡಿ ಬಾಗಿಲಲ್ಲಿ ಲೆಕ್ಕ ಒಂದೇ ಸಲಕ್ಕೆ ಸರಿಹೋಯಿತು.

ಆರನೆಯ ದಿನ ಪುಟ್ಟಲಿಂಗಯ್ಯನ ಅಕ್ಕ ಮುನಿಯಮ್ಮ ಎರಡು ಬೀದಿ ಆಚೆಯಿಂದ ಸೊಪ್ಪು ಅರೆದು ತಂದಳು. ಬಾಳೆಲೆಯಲ್ಲಿ ಸುತ್ತಿದ್ದ ಹಸಿರು ಮುದ್ದೆ.

"ಇದ ಕಟ್ಟು. ಮೂರು ದಿನಕ್ಕೆ ಕರಗೋಯ್ತದೆ."

"ರಿಪೋರ್ಟು ಬರೋಗಂಟ ಅದರ ಮ್ಯಾಲೆ ಏನೂ ಹಾಕಕಿಲ್ಲ ಅತ್ಗೆ."

"ಸೂಜಿ ಹಾಕಿಸ್ಕಂಡು ಬಂದಿದ್ದೀಯಲ್ಲ, ಅದ ಕೆದಕಿದ್ರೆ ಮೈಗೆಲ್ಲ ಹರಡ್ತದೆ ಅಂತಾರೆ. ನನ್ ಮಾತ್ನ ಯಾರ್ ಕೇಳ್ತೀರಿ!" ಎಂದು ಮುನಿಯಮ್ಮ ಸೊಪ್ಪನ್ನು ಜಗಲಿಯ ಮೇಲೆ ಕುಕ್ಕಿ ಹೊರಟೇಹೋದಳು.

ಪಂಪ್‌ಹೌಸಿನ ಕಟ್ಟುಪಾಡು ಆ ಮಾತಿಗೆ ಸಾಲಲಿಲ್ಲ. ಭದ್ರಮ್ಮ ಜಹೀದಾಗೆ ಫೋನ್ ಮಾಡಿದಳು.

"ನಂಗೂ ಇದನ್ನೇ ಅಂದಿದ್ರು ಅಕ್ಕಾ," ಎಂದಳು ಜಹೀದಾ. "ನನ್ನ ಮಾತು ನಂಬಬೇಡಿ, ನಿಮ್ಮತ್ಗೆ ಮಾತೂ ನಂಬಬೇಡಿ. ಚೀಟಿ ಮೇಲೆ ಆಸ್ಪತ್ರೆ ನಂಬರೈತೆ, ನೋಡಿ."

ಆಸ್ಪತ್ರೆಗೆ ಮಾಡಿದರೆ ಮೂರು ಸಲ ಯಾರೂ ಎತ್ತಲಿಲ್ಲ. ನಾಲ್ಕನೆಯ ಸಲ ಒಬ್ಬ ನರ್ಸ್ ಎತ್ತಿ, ಇಲ್ಲಮ್ಮ, ಸೂಜಿ ಹಾಕಿದ್ದರಿಂದ ಕಾಯಿಲೆ ಹರಡುತ್ತದೆಂದು ಭಯಪಡಬೇಡಿ, ಏನಿದೆಯೆಂದು ತಿಳಿಯದೆ ಮದ್ದು ಮಾಡುವುದು ಹೇಗೆ ಎಂದಳು. ಭದ್ರಮ್ಮ ಸೊಪ್ಪಿನ ಮುದ್ದೆಯನ್ನು ತಿಪ್ಪೆಗೆ ಹಾಕಿ ಬಾಳೆಲೆಯನ್ನು ಕುರಿಮರಿಗೆ ಕೊಟ್ಟಳು. ಅಂದು ಕಂಪನಿ ಬಸ್ಸಿಳಿದು ಬಂದ ರಮ್ಯಾಳನ್ನು ಕೂರಿಸಿಕೊಂಡು ಹೇಳಿದಳು:

"ಒಂದು ಪುಸ್ತಕ ತಗೊ. ನಂಗೆ ಡೌಟು ಬಂದಂಗೆಲ್ಲ ಯೋಳ್ತೀನಿ, ಬರ್ಕೊ. ಅವತ್ತು ಡಾಕ್ಟರಮ್ಮನ್ನೇ ಕೇಳ್ಬುಡನ. ಫೋನಲ್ಲಿ ಹುಡುಕ್ಬೇಡ. ಹುಡುಕಿ ಹುಡುಕಿ ನಿನ್ ಕಣ್ಣೇ ಊದ್ಕಂಡವೆ."

ರಮ್ಯಾ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿ ಪುಸ್ತಕ ತಂದಳು.

ಪುಟ್ಟಲಿಂಗಯ್ಯನದು ಬೇರೆ ಬಗೆ. ಅವನು ಆ ವಿಷಯವನ್ನೇ ಎತ್ತುತ್ತಿರಲಿಲ್ಲ. ಟಗರನ್ನು ಕಂಡರೆ ಮಾತ್ರ ಕೋಲೆತ್ತುತ್ತಿದ್ದ. ಎಂಟನೆಯ ದಿನ ಭದ್ರಮ್ಮ ಬುತ್ತಿ ಕೊಡಲು ಹೋದಾಗ, ಹಿಂದಿನ ದಿನದ ಮುದ್ದೆ ಬುತ್ತಿಯ ಬಟ್ಟೆಯಲ್ಲಿ ಹಾಗೇ ಒಣಗಿರುವುದು ಕಂಡಿತು.

"ಉಂಡಿಲ್ವಾ?"

"ಸೇರಾಕಿಲ್ಲ." ಅವನು ಕೆರೆಯ ಕಡೆಗೇ ನೋಡುತ್ತಿದ್ದ. "ಆ ಟಗರ ಕಡಿಯೋನಿಗೆ ಕೊಟ್ಬುಡ್ತೀನಿ. ಅದ ನೋಡುದ್ರೆ ಮೈ ಉರೀತದೆ. ನಿಂಗೇನಾರ ಆದ್ರೆ ನಾನು..." ಮಾತು ಅಲ್ಲಿಗೇ ನಿಂತಿತು. ಹೆಗಲ ಟವೆಲಿನಿಂದ ಮುಖ ಒತ್ತಿಕೊಂಡ.

ಭದ್ರಮ್ಮ ಅವನ ಪಕ್ಕದಲ್ಲಿ ಕೂತಳು. ಗಂಡ ಅಳುವುದನ್ನು ಅವಳು ಅತ್ತೆ ಸತ್ತಾಗ ಒಮ್ಮೆ ನೋಡಿದ್ದಳು, ಅಷ್ಟೇ.

"ನಾನಿನ್ನೂ ಇಲ್ಲೇ ಇವ್ನಿ ಕಣಯ್ಯ. ಮೂಕಪ್ರಾಣಿ ಮ್ಯಾಲೆ ಯಾಕೆ ಸಿಟ್ಟು? ಉಣ್ಣು ಮೊದ್ಲು. ನಾಳೆ ಕುರಿಗೆ ಇಂಜೆಕ್ಷನ್ ಹಾಕಕೆ ಬತ್ತಾರೆ. ನಂಗೆ ಭಾರ ಎತ್ತಂಗಿಲ್ಲ ಅಂದವ್ರೆ. ಅರವತ್ತೊಂದನ್ನೂ ನೀನೇ ಹಿಡೀಬೇಕು. ಹೊಟ್ಟೇಲಿ ಕೂಳಿಲ್ದೆ ಎಂಗೆ ಹಿಡಿದೀಯೆ?"

ಅವನು ಉಂಡ. ಅವಳು ಕೊನೆಯ ತುತ್ತಿನವರೆಗೂ ಎದುರಿಗೇ ಕೂತಿದ್ದಳು.

ಒಂಬತ್ತನೆಯ ದಿನ ಪಶು ಆಸ್ಪತ್ರೆಯವರು ಬಂದು ಕರುಳುಬೇನೆಯ ಲಸಿಕೆ ಹಾಕಿದರು. ಪುಟ್ಟಲಿಂಗಯ್ಯ ಒಂದೊಂದನ್ನೂ ಕಾಲ ಸಂದಿಗೆ ಸಿಕ್ಕಿಸಿ ಹಿಡಿದ. ಭದ್ರಮ್ಮ ಮುಖ ಹಿಡಿದು, ಮುಗಿದದ್ದಕ್ಕೆ ಸುಣ್ಣದ ಗುರುತು ಹಾಕಿದಳು. ಒಂದು ಮುದಿಕುರಿ ಸೂಜಿಗೆ ಮೊದಲೇ ಅರಚಿಕೊಂಡಾಗ, "ಒಂದಕ್ಕೆ ಇಷ್ಟು ಬಾಯಿ ಮಾಡ್ತೀಯಲ್ಲೇ, ನಂಗೆ ಎರಡೂ ಕಡೆ ಹಾಕವ್ರೆ!" ಎಂದಳು. ಪುಟ್ಟಲಿಂಗಯ್ಯ ಎಂಟು ದಿನದ ಮೇಲೆ ಮೊದಲ ಸಲ ನಕ್ಕ.

ಹತ್ತನೆಯ ದಿನ ಆಸ್ಪತ್ರೆಯಿಂದ ಫೋನ್ ಬಂತು. ತೆಗೆದ ಚೂರುಗಳಲ್ಲಿ ಒಂದಕ್ಕೆ ಇನ್ನೊಂದು ಪರೀಕ್ಷೆ ಮಾಡುತ್ತಿದ್ದಾರೆ, ನಾಳೆ ಹನ್ನೊಂದು ಗಂಟೆಗೆ ಬನ್ನಿ, ಮನೆಯವರನ್ನೂ ಕರೆತನ್ನಿ ಎಂದರು. ಯಾಕೆ ಇನ್ನೊಂದು ಪರೀಕ್ಷೆ, ಯಾಕೆ ಮನೆಯವರು? ರಮ್ಯಾಳ ಮುಖ ಬಿಳಿಚಿಕೊಂಡಿತು. ಭದ್ರಮ್ಮ ಎದ್ದು, "ಹಂಗಾರೆ ನಿಮ್ಮಪ್ಪನೂ ಬರ್ಬೇಕಲ್ಲ. ಕುರಿ ಯಾರು ನೋಡ್ಕಳೋರು?" ಎಂದು ಮುನಿಯಮ್ಮನ ಮನೆಗೇ ಹೋದಳು. ಮುನಿಯಮ್ಮ ಐದು ನಿಮಿಷ ಬಿಗುಮಾನದಿಂದ ಅಲಸಂದೆಕಾಯಿ ಬಿಡಿಸುತ್ತಿದ್ದಳು. ಆಮೇಲೆ ಮೊರ ಪಕ್ಕಕ್ಕಿಟ್ಟಳು.

"ಬೆಳಿಗ್ಗೆ ಎಷ್ಟೊತ್ಗೆ ಬಿಡ್ಬೇಕು, ಅಷ್ಟು ಯೋಳು. ನೀವು ಓಗಿ ಬನ್ನಿ."

ಮರುದಿನ ಆಸ್ಪತ್ರೆಯ ಕೋಣೆಯಲ್ಲಿ ಮೂವರೂ ಕೂತರು. ಡಾಕ್ಟರಮ್ಮ ಕಾಗದ ನೋಡಿ, ರಮ್ಯಾಳ ಕಡೆ ತಿರುಗಿ, "ನೀವು ಮಗಳಾ? ನೋಡಿ..." ಎಂದು ಶುರು ಮಾಡಿದರು.

"ನಂಗೇ ಯೋಳಿ ಮೇಡಂ," ಎಂದಳು ಭದ್ರಮ್ಮ. "ಮೈ ನಂದು."

ಡಾಕ್ಟರಮ್ಮ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. ಎಡಗಡೆ ಗಂಟು ಕ್ಯಾನ್ಸರ್ ಅಲ್ಲ. ಪೆಟ್ಟು ಬಿದ್ದು ಒಳಗಿನ ಕೊಬ್ಬು ಗಟ್ಟಿಯಾದದ್ದು, ಅದರಿಂದ ಅಪಾಯವಿಲ್ಲ. ಪುಟ್ಟಲಿಂಗಯ್ಯ ಗಟ್ಟಿಯಾಗಿ ಉಸಿರುಬಿಟ್ಟ. ಬಲಗಡೆ, ಯಂತ್ರಕ್ಕೆ ಮಾತ್ರ ಕಂಡ ಆ ಚಿಕ್ಕ ನೆರಳು ಕ್ಯಾನ್ಸರ್. ಕಡಲೆಬೇಳೆಯಷ್ಟಿದೆ, ಇನ್ನೂ ಮೊದಲ ಹಂತ. ಯಾವ ಔಷಧ ಕೇಳುತ್ತದೆಂದು ನೋಡಲು ಎರಡನೆಯ ಪರೀಕ್ಷೆ ಮಾಡಿದ್ದು. ಮಾತ್ರೆಗೆ ಬಗ್ಗುವ ಜಾತಿ.

ಹನ್ನೊಂದು ದಿನ ಅವಳು ಹೆದರಿದ್ದು ಎಡಗಡೆಯದಕ್ಕೆ. ಬಲಗಡೆಯದನ್ನು ಆ ದಾರಿಯಲ್ಲೂ ಸರಿಯಾಗಿ ನೆನೆದಿರಲಿಲ್ಲ. ಕೋಣೆಯ ಫ್ಯಾನು ಗಿರಗಿರ ಸದ್ದು ಮಾಡುತ್ತಿತ್ತು. ಭದ್ರಮ್ಮನ ಕೈ ತಾನಾಗಿಯೇ ಬಲ ಎದೆಯ ಮೇಲೆ ಹೋಯಿತು. ಅಲ್ಲಿ ಬೆರಳಿಗೆ ಏನೂ ಸಿಗಲಿಲ್ಲ. ರಮ್ಯಾ ಬಿಕ್ಕಿದಳು. ಭದ್ರಮ್ಮನ ಕಣ್ಣಲ್ಲೂ ನೀರು ತುಂಬಿತು. ಸೆರಗಿನಿಂದ ಒರೆಸಿಕೊಂಡಳು, ಮತ್ತೆ ತುಂಬಿತು, ಮತ್ತೆ ಒರೆಸಿಕೊಂಡಳು.

"ಪುಸ್ತಕ ತೆಗಿ," ಎಂದಳು ಮಗಳಿಗೆ.

ಹದಿನಾಲ್ಕು ಪ್ರಶ್ನೆಗಳಿದ್ದವು. ಎದೆ ಪೂರ್ತಿ ತೆಗೆಯಬೇಕಾ? ಬೇಡ, ಗಂಟು ಮತ್ತು ಸುತ್ತಲ ಸ್ವಲ್ಪ ಭಾಗ ಸಾಕಾಗಬಹುದು, ಕಂಕುಳಿನಲ್ಲೂ ನೋಡುತ್ತೇವೆ. ಎಷ್ಟು ದಿನಕ್ಕೆ ಎದ್ದು ಓಡಾಡಬಹುದು? ಮಗಳಿಗೂ ಬರುತ್ತದಾ? ಕುರಿಯಿಂದ ಬಂದದ್ದಾ? ಕೊನೆಯದನ್ನು ಪುಟ್ಟಲಿಂಗಯ್ಯ ಬರೆಸಿದ್ದ. ಅಲ್ಲವೇ ಅಲ್ಲ, ಆ ಪೆಟ್ಟಿಗೂ ಈ ಕಾಯಿಲೆಗೂ ಸಂಬಂಧವಿಲ್ಲ ಎಂದರು ಡಾಕ್ಟರಮ್ಮ. ಪೆಟ್ಟಿನ ನೆಪದಲ್ಲಿ ನೀವು ಬಂದಿರಿ ಅಷ್ಟೇ, ಬಾರದಿದ್ದರೆ ಇದು ಇನ್ನೂ ಎರಡು ವರ್ಷ ಸುಮ್ಮನೆ ಬೆಳೆಯುತ್ತಿತ್ತೋ ಏನೋ.

ಹೊರಗೆ ಬಂದು ಭದ್ರಮ್ಮ ಜಹೀದಾಗೆ ಫೋನ್ ಮಾಡಿದಳು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು.

"ಅಕ್ಕಾ, ಆಪರೇಷನ್ ಯಾವತ್ತು? ನಾನು ಬರ್ತೀನಿ," ಎಂದಳು ಜಹೀದಾ.

"ಇನ್ನೂ ದಿನ ಕೊಟ್ಟಿಲ್ಲ. ಕೊಟ್ಟ ದಿನ ಮುಂದಕ್ಕಾಕಕಿಲ್ಲ, ಅಷ್ಟೆಯ. ಗೊತ್ತಿಲ್ದಂಗೆ ಕೂರೋದು ಮುಗೀತಲ್ಲ ತಾಯಿ. ಇನ್ನು ಮಾಡೋ ಕೆಲ್ಸ."

ಹದಿನೆಂಟು ದಿನಕ್ಕೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಕಂಕುಳಿಗೆ ಹರಡಿರಲಿಲ್ಲ. ಆಮೇಲೆ ಮೂರು ವಾರ ಬೆಳಗಿನ ಬಸ್ಸು, ಅಲ್ಲಿಂದ ರೈಲು, ಕರೆಂಟು ಎನ್ನುವ ಐದು ನಿಮಿಷದ ವಿಕಿರಣ ಚಿಕಿತ್ಸೆ, ವಾಪಸ್ಸು. ಚರ್ಮ ಸುಟ್ಟಂತೆ ಕಪ್ಪಾಗಿ ರವಿಕೆ ಹಾಕಲಾಗದೆ, ಗಂಡನ ಹಳೆಯ ಶರಟು ಹಾಕಿಕೊಂಡೇ ಓಡಾಡಿದಳು. ಯಾರಾದರೂ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿದಳು. ಕೇಳಿದ ಹೆಂಗಸರಲ್ಲಿ ಇಬ್ಬರು ಆಮೇಲೆ ಗುಟ್ಟಾಗಿ ಬಂದು, ತಮಗೂ ಏನೋ ಇದೆ, ಯಾರಿಗೂ ಹೇಳಿಲ್ಲ ಎಂದರು. ದೀಪಾವಳಿ ಕಳೆದ ಮೇಲೆ ಅವರನ್ನು ರಾಮನಗರಕ್ಕೆ ಕರೆದುಕೊಂಡು ಹೊರಟಾಗ, ಬಸ್ ಸ್ಟಾಪಿನಲ್ಲಿ ಮುನಿಯಮ್ಮ ಮಡಿಸಿಟ್ಟಿದ್ದ ಒಳ್ಳೆ ಸೀರೆಯುಟ್ಟು ಮೊದಲೇ ನಿಂತಿದ್ದಳು.

"ನೀನ್ಯಾಕೆ ಅತ್ಗೆ?"

"ನಂಗೇನಾಗಿಲ್ಲ," ಎಂದಳು ಮುನಿಯಮ್ಮ. "ಆ ಮಿಷನ್ ಎಂಗೈತೆ ಅಂತ ನೋಡ್ಬುಡನ ಅಂತ."

ಭದ್ರಮ್ಮ ನಗಲಿಲ್ಲ. ಕಂಡಕ್ಟರಿಗೆ ನಾಲ್ಕು ಬೆರಳು ತೋರಿಸಿ, ಅವಳಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಳು.